ವ್ಯಾಕ್ಯೂಮ್ ಹಾಟ್ ಪ್ರೆಸ್‌ನಲ್ಲಿ ಟೈಟಾನಿಯಂ: ನನ್ನ ಅನುಭವ

ಹಾಟ್ ಪ್ರೆಸ್‌ನಲ್ಲಿ ನಾನು ಹೆಚ್ಚಾಗಿ ಒತ್ತಿರುವುದು ಒಂದೇ ಮಿಶ್ರಲೋಹ. ಟೈಟಾನಿಯಂಗೆ 6% ಅಲ್ಯೂಮಿನಿಯಂ, 4% ವೆನೇಡಿಯಂ ಸೇರಿಸಿದ್ದು. ವಿಮಾನದ ಬಿಡಿಭಾಗಕ್ಕೂ ಸೊಂಟದ ಇಂಪ್ಲಾಂಟ್‌ಗೂ ಬಳಸುತ್ತಾರೆ. ಇಲ್ಲಿ ಲೋಹವನ್ನು ಕರಗಿಸುವುದಿಲ್ಲ. ಗಾಳಿ ಹೊರತೆಗೆದ (ವ್ಯಾಕ್ಯೂಮ್) ಕುಲುಮೆಯಲ್ಲಿ ಪುಡಿಯನ್ನೇ ಕಾಯಿಸಿ, ಒತ್ತಿ, ಗಟ್ಟಿ ಬಿಲ್ಲೆ ಮಾಡುತ್ತೇವೆ.

ಪುಡಿ ತುಂಬುವ ಅಚ್ಚು (ಡೈ), ಅದನ್ನು ಒತ್ತುವ ದಿಂಡು (ಪಂಚ್) ಎರಡೂ ಗ್ರಾಫೈಟ್. 30 ಮಿಮೀ ಒಳವ್ಯಾಸದ ಡೈಗೆ ಸುಮಾರು 31 ಗ್ರಾಂ ಪುಡಿ ಹಾಕಿದರೆ 10 ಮಿಮೀ ದಪ್ಪದ ಬಿಲ್ಲೆ ಸಿಗುತ್ತದೆ. ಒತ್ತಡ 30 ಮೆಗಾಪಾಸ್ಕಲ್. ಈ ಅಳತೆಗೆ ಅದು ಎರಡು ಟನ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇನ್ನಷ್ಟು ಯಾಕೆ ಒತ್ತಬಾರದು ಅಂತ ಹೊಸಬರು ಕೇಳುತ್ತಾರೆ. ಗ್ರಾಫೈಟ್ ತಡೆಯಬೇಕಲ್ವಾ?

ಪೂರ್ತಿ ಒತ್ತಡವನ್ನು ಶುರುವಿನಲ್ಲೇ ಕೊಡುವುದಿಲ್ಲ. ಪುಡಿಗೆ ಅಂಟಿದ ತೇವ, ಗಾಳಿ ಬಿಸಿಯೇರುವಾಗ ಹೊರಬರುತ್ತವೆ. ಕುಲುಮೆಯೊಳಗೆ ಉಳಿದ ಗಾಳಿಯ ಒತ್ತಡ ತೋರಿಸುವ ಗೇಜ್‌ನ ಅಂಕಿ ಏರುವುದರಲ್ಲೇ ಅದು ಗೊತ್ತಾಗುತ್ತದೆ. ಮೊದಲೇ ಬಿಗಿಯಾಗಿ ಒತ್ತಿಬಿಟ್ಟರೆ ಅವಕ್ಕೆ ದಾರಿ ಇರುವುದಿಲ್ಲ. ಅಂಕಿ ಮತ್ತೆ ಇಳಿಯುವ ತನಕ ಸುಮ್ನೆ ಕಾಯುತ್ತೇನೆ. ಆಮೇಲೆ ಪೂರ್ತಿ ಒತ್ತಡ ಕೊಟ್ಟು, ಪಂಚನ್ನು ತಳ್ಳುವ ರ‍್ಯಾಮ್ ಎಷ್ಟು ಇಳಿಯಿತು ಅನ್ನುವ ಗ್ರಾಫ್ ನೋಡುತ್ತಿರಬೇಕು. ಅದು ಸಪಾಟಾದ ಮೇಲೆ ಇನ್ನೂ ಹಿಡಿದಿಟ್ಟರೆ ಸಾಂದ್ರತೆ ಹೆಚ್ಚೇನೂ ಏರುವುದಿಲ್ಲ, ಗ್ರೇನ್‌ಗಳು (ಲೋಹದೊಳಗಿನ ಸಣ್ಣ ಹರಳುಗಳು) ಬೆಳೆಯುತ್ತಾ ಹೋಗುತ್ತವೆ.

ನಿಜವಾದ ತಲೆನೋವು ಎಷ್ಟು ಬಿಸಿ ಮಾಡಬೇಕು ಅನ್ನುವುದು. ಈ ಲೋಹದಲ್ಲಿ ಆಲ್ಫಾ, ಬೀಟಾ ಅಂತ ಪರಮಾಣುಗಳ ಜೋಡಣೆಯ ಎರಡು ರೂಪಗಳಿವೆ. ಸುಮಾರು 995 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಪೂರ್ತಿ ಬೀಟಾ ರೂಪಕ್ಕೆ ಹೋಗುತ್ತದೆ. 920ರಲ್ಲಿ ಒತ್ತಿದ ಬಿಲ್ಲೆಯನ್ನು ಪಾಲಿಶ್ ಮಾಡಿ, ಕ್ರೋಲ್ ದ್ರಾವಣ (ಮೇಲ್ಮೈ ಕೊರೆದು ರಚನೆ ತೋರಿಸುವ ಆಮ್ಲ) ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎರಡು ಬಗೆಯ ರಚನೆ ಕಾಣುತ್ತದೆ. ಪುಡಿಯ ಕಣದ ಒಳಗೆ ಸಣ್ಣ ಸಣ್ಣ ಪಟ್ಟಿಗಳು. ಕಣಗಳು ಒಂದಕ್ಕೊಂದು ಒತ್ತಿಕೊಂಡ ಅಂಚಿನಲ್ಲಿ ದುಂಡನೆಯ ಆಲ್ಫಾ ಗ್ರೇನ್‌ಗಳು. ಅಲ್ಲೇ ಲೋಹ ಹೆಚ್ಚು ನಜ್ಜಾಗಿರುವುದರಿಂದ ಹೊಸ ಗ್ರೇನ್ ಹುಟ್ಟಿರುತ್ತವೆ. 1050ರ ಬಿಲ್ಲೆಯ ಕಥೆಯೇ ಬೇರೆ. ದೊಡ್ಡ ದೊಡ್ಡ ಬೀಟಾ ಗ್ರೇನ್‌ಗಳಿದ್ದ ಗುರುತು, ಅವುಗಳೊಳಗೆ ಹುಲ್ಲಿನ ಹೊರೆಗಳನ್ನು ಒಟ್ಟಿದ ಹಾಗೆ ಪಟ್ಟಿಗಳ ಗುಂಪು. ಕುಲುಮೆಯಲ್ಲೇ ನಿಧಾನಕ್ಕೆ ಆರುವುದರಿಂದ ಪಟ್ಟಿಗಳೂ ದಪ್ಪ.

ಹಾರ್ಡ್‌ನೆಸ್ ಒಂದನ್ನೇ ಅಳೆದರೆ ಇವೆರಡರ ನಡುವೆ ದೊಡ್ಡ ವ್ಯತ್ಯಾಸ ಸಿಗುವುದಿಲ್ಲ. ಎಳೆದು ನೋಡಿದಾಗ ಮಾತ್ರ 1050ರದು ಬೇಗ ತುಂಡಾಗುತ್ತದೆ. ಹಾಗಂತ ಅದು ಕೆಟ್ಟದ್ದು ಅಂತಲ್ಲ, ಬಿಸಿಯಲ್ಲಿ ನಿಧಾನಕ್ಕೆ ಹಿಗ್ಗುವ ಕ್ರೀಪ್ ತಡೆಯಲು ಪಟ್ಟಿ ರಚನೆಯೇ ಮೇಲು. ನನಗೆ ಬೇಕಾಗಿದ್ದು ಎಳೆತಕ್ಕೆ ಬಗ್ಗುವ ಲೋಹ, ಹಾಗಾಗಿ 920ಕ್ಕೇ ಅಂಟಿಕೊಂಡೆ.

ವ್ಯಾಕ್ಯೂಮ್ ಇದ್ದರೆ ಪುಡಿ ತಾನೇ ಶುದ್ಧವಾಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಇಲ್ಲ. ಕಣದ ಮೇಲಿನ ಆಕ್ಸೈಡ್ ಪದರ ಬಿಸಿಯಲ್ಲಿ ಮಾಯವಾಗುವುದು ನಿಜ, ಆದರೆ ಆ ಆಮ್ಲಜನಕ ಲೋಹದ ಒಳಗೇ ಕರಗಿ ಕೂರುತ್ತದೆ. ಕಣಗಳು ಚೆನ್ನಾಗಿ ಬೆಸೆಯುತ್ತವೆ, ಲೋಹ ಮಾತ್ರ ಗಡುಸಾಗಿ ಪೆಡಸಾಗುತ್ತದೆ. ಮಾಮೂಲಿ ದರ್ಜೆಗೆ ಆಮ್ಲಜನಕದ ಮಿತಿ 0.20%, ಇಂಪ್ಲಾಂಟ್ ದರ್ಜೆಗೆ 0.13%. ವ್ಯಾಕ್ಯೂಮ್ ಹೊಸ ಆಮ್ಲಜನಕ ಸೇರದಂತೆ ನೋಡಿಕೊಳ್ಳುತ್ತದೆ, ಪುಡಿಯ ಜೊತೆಗೇ ಬಂದದ್ದನ್ನು ತೆಗೆಯುವುದಿಲ್ಲ.

ಆರ್ಗಾನ್ ಇನ್ನೂ ಕಳ್ಳ. ಕರಗಿದ ಲೋಹಕ್ಕೆ ಆರ್ಗಾನ್ ಗ್ಯಾಸ್ ಊದಿ ಮಾಡಿದ ಪುಡಿಯ ಕೆಲವು ಕಣಗಳೊಳಗೆ ಅದು ಗುಳ್ಳೆಯಾಗಿ ಸಿಕ್ಕಿಕೊಂಡಿರುತ್ತದೆ. ಒತ್ತಿದಾಗ ಗುಳ್ಳೆ ಕಣ್ಣಿಗೆ ಕಾಣದಷ್ಟು ಕುಗ್ಗುತ್ತದೆ, ಆದರೆ ಆರ್ಗಾನ್ ಟೈಟಾನಿಯಂನಲ್ಲಿ ಕರಗುವುದಿಲ್ಲ. ನೀರಿನಲ್ಲಿ ತೂಗಿದರೆ ಸಾಂದ್ರತೆ 99% ದಾಟಿರುತ್ತದೆ, ಎಲ್ಲರಿಗೂ ಖುಷಿ. ಅದೇ ಬಿಲ್ಲೆಯನ್ನು ಒತ್ತಡವಿಲ್ಲದೆ 1000 ಡಿಗ್ರಿ ದಾಟಿಸಿ ಹೀಟ್ ಟ್ರೀಟ್ ಮಾಡಿ ನೋಡಿ, ಗುಳ್ಳೆ ಮತ್ತೆ ಹಿಗ್ಗುತ್ತದೆ. ಮತ್ತೆ ಮತ್ತೆ ಭಾರ ಹೊರುವ ಭಾಗದಲ್ಲಿ ಬಿರುಕು ಹುಟ್ಟಲು ಅಷ್ಟು ಸಾಕು. ಅದಕ್ಕೇ ಈಗ ಒತ್ತುವ ಮೊದಲು ಒಂದು ಚಿಟಿಕೆ ಪುಡಿಯನ್ನು ರೆಸಿನ್‌ನಲ್ಲಿ ಕೂರಿಸಿ, ಉಜ್ಜಿ, ಕಣಗಳು ಟೊಳ್ಳಾಗಿವೆಯೇ ಅಂತ ನೋಡುತ್ತೇನೆ. ಪ್ಲಾಸ್ಮಾ ಜ್ವಾಲೆಯ ಎದುರು ಲೋಹದ ಸರಳು ತಿರುಗಿಸಿ, ಕರಗಿದ ಹನಿಗಳನ್ನು ಸಿಡಿಸಿ ಮಾಡಿದ ಪುಡಿಯಲ್ಲಿ ಈ ಕಾಟ ತುಂಬಾ ಕಡಿಮೆ. ಬೆಲೆ ಕೇಳಿದರೆ ಮಾತ್ರ ಎದೆ ಧಸಕ್ ಅನ್ನುತ್ತದೆ.