ಸೋಮವಾರ ಮಾತ್ರ ಜ್ವರ ಬರುತ್ತಿದ್ದ ಎಕ್ಸ್‌ಕವೇಟರ್: ನನ್ನ ಅನುಭವ

ಇಳಕಲ್ ಕಡೆಯ ಕೆಂಪು ಗ್ರಾನೈಟ್ ಕ್ವಾರಿಯೊಂದರಲ್ಲಿ ದುಡಿಯುವ 20 ಟನ್ನಿನ ಎಕ್ಸ್‌ಕವೇಟರ್ ಒಂದು ಕಳೆದ ಬೇಸಿಗೆಯಲ್ಲಿ ಮಿಸ್ತ್ರಿಯಾದ ನನ್ನ ಹೆಸರು ಕೆಡಿಸುವುದರಲ್ಲಿತ್ತು. ನಮ್ಮ ಕಡೆ ಇಂಥ ಯಂತ್ರ ಯಾರು ತಯಾರಿಸಿದ್ದಾದರೂ ಜನರ ಬಾಯಲ್ಲಿ ಹಿಟಾಚಿಯೇ ಆಗುತ್ತದೆ; ಇದು ಬೇರೆ ಕಂಪನಿಯದು, ಹೆಸರು ಬೇಡ. ಬೆಳಿಗ್ಗೆ 11ರ ಹೊತ್ತಿಗೆ ಹೈಡ್ರಾಲಿಕ್ ಆಯಿಲ್ ತಾಪ ಮಾನಿಟರಿನಲ್ಲಿ 95 ಡಿಗ್ರಿ ದಾಟಿ ಬಜರ್ ಕೂಗುತ್ತಿತ್ತು, ಯಂತ್ರದ ಕಂಪ್ಯೂಟರ್ ಆದ ಕಂಟ್ರೋಲರ್ ಹೈಡ್ರಾಲಿಕ್ ಪಂಪಿನ ಶಕ್ತಿಯನ್ನು ತಗ್ಗಿಸುತ್ತಿತ್ತು, ಆಮೇಲೆ ಬೂಮ್, ಅಂದರೆ ಉದ್ದ ತೋಳು, ಎತ್ತುವಷ್ಟರಲ್ಲಿ ಆಪರೇಟರ್ ಒಂದು ಬೀಡಿ ಸೇದಿ ಮುಗಿಸಬಹುದಿತ್ತು.

ಮೊದಲ ತಪ್ಪು ನನ್ನದೇ. ಆಯಿಲ್ ಟ್ಯಾಂಕಿನ ಮೇಲೆ, ಮುಟ್ಟದೆ ತಾಪ ಅಳೆಯುವ ಐಆರ್ ಗನ್ ಹಿಡಿದಾಗ 78 ತೋರಿಸಿತು, ಮಾನಿಟರ್ 96 ಎನ್ನುತ್ತಿತ್ತು. ಹಾಗಾದರೆ ಆಯಿಲ್ ತಾಪದ ಸೆನ್ಸರ್ ಹೋಗಿದೆ ಎಂದು ತೀರ್ಮಾನಿಸಿ, ಸಾವುಕಾರರ ಖರ್ಚು ಉಳಿಸುವ ಉತ್ಸಾಹದಲ್ಲಿ 800 ರೂಪಾಯಿಯ ಡೂಪ್ಲಿಕೇಟ್ ಸೆನ್ಸರ್ ಹಾಕಿಸಿದೆ. ಒಂದು ವಾರದಲ್ಲಿ ತೊಂದರೆ ಮರಳಿ ಬಂದಿತು, ಮೊದಲಿಗಿಂತ ಜೋರಾಗಿ. ಸಾವುಕಾರರಿಗೆ ನನ್ನ ಮೇಲಿನ ನಂಬಿಕೆ ಹೋಯಿತು, ಗನ್ನಿನ ಮೇಲಿನದೂ ಹೋಯಿತು. ಹೊಳೆಯುವ ಪೈಪಿನ ಮೇಲೆ ಐಆರ್ ಗನ್ ಸುಳ್ಳು ಹೇಳುವುದು ನಿಜವೇ, ಆದರೆ ನಾನು ಕಪ್ಪು ಟೇಪ್ ಅಂಟಿಸಿ ಅದರ ಮೇಲೆಯೇ ಅಳೆದಿದ್ದೆ; ಅದನ್ನು ಕೇಳುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ.

ಅನಂತರ ಬೇರೆ ಮಿಸ್ತ್ರಿಗಳ ಸರದಿ. ಆಯಿಲ್ ಕೂಲರ್ ಬಿಚ್ಚಿ ತೊಳೆದರು. 200 ಲೀಟರಿಗೂ ಹೆಚ್ಚು ಆಯಿಲ್ ಮತ್ತು ಫಿಲ್ಟರ್‌ಗಳನ್ನು ಬದಲಿಸಿದರು. ಅದಕ್ಕೆ ಸುಮಾರು 55 ಸಾವಿರ ಹೋಯಿತು. ಒರಿಜಿನಲ್ ಸೆನ್ಸರ್ ತರಿಸಿದರು, ಅದು 5 ಸಾವಿರದ ಹತ್ತಿರ. ಪ್ರತಿ ಸಲವೂ ಯಂತ್ರ ಎರಡು ಮೂರು ದಿನ ಸರಿಯಾಗಿ ನಡೆದು ಮತ್ತೆ ಕೂಗುತ್ತಿತ್ತು. ಕೊನೆಗೆ ಬಂದ ಸರ್ವಿಸ್ ಎಂಜಿನಿಯರ್ ಲ್ಯಾಪ್‌ಟಾಪ್ ಹಾಕಿ ನೋಡಿ, ಕಂಟ್ರೋಲರ್ ಬದಲಿಸಬೇಕು, 1 ಲಕ್ಷ 80 ಸಾವಿರದಷ್ಟು ಆಗುತ್ತದೆ ಎಂದು ಹೇಳಿಹೋದರು. ಗಂಟೆಗೆ 1,300ರ ಲೆಕ್ಕದಲ್ಲಿ ದುಡಿಯುವ ಯಂತ್ರ ನಿಂತ ನಷ್ಟವನ್ನು ಇದರಲ್ಲಿ ನಾನು ಸೇರಿಸಿಲ್ಲ.

ದಾರಿ ತೋರಿಸಿದವನು ಆಪರೇಟರ್. ಸಂತೆಯಲ್ಲಿ ಸಿಕ್ಕವನು ಮಾತಿನ ಮಧ್ಯೆ, "ಅಣ್ಣಾರ, ಸೋಮವಾರ ಬಂತಂದ್ರ ಇದಕ್ಕ ಜ್ವರ ಬರ್ತಾವ ನೋಡ್ರಿ" ಎಂದ. ಭಾನುವಾರ ಏನು ಮಾಡುತ್ತೀ ಎಂದು ಕೇಳಿದೆ. ವಾಟರ್ ಸರ್ವಿಸ್ ಮಾಡುತ್ತೇನೆ, ಪ್ರೆಶರ್ ಗನ್ನಿನಿಂದ ಪಂಪಿನ ಕೋಣೆಯನ್ನೂ ಬಿಡದೆ ತೊಳೆಯುತ್ತೇನೆ ಎಂದ. ಬುಧವಾರ, ಗುರುವಾರ ಯಾರು ಏನು ಬದಲಿಸಿದರೂ ಅದೇ ಔಷಧಿಯಂತೆ ಕಂಡದ್ದು ಏಕೆಂದು ಆಗ ಹೊಳೆಯಿತು: ಅಷ್ಟರಲ್ಲಿ ನೀರು ತಾನಾಗಿ ಒಣಗಿರುತ್ತಿತ್ತು.

ಮುಂದಿನ ಸೋಮವಾರ ಬೆಳಿಗ್ಗೆ 6 ಗಂಟೆಗೆ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ, ಕೀ ಆನ್ ಮಾಡಿ ಮಾನಿಟರ್ ನೋಡಿದೆ. ಇಡೀ ರಾತ್ರಿ ನಿಂತ ಯಂತ್ರದಲ್ಲಿ ಎಂಜಿನ್ ತಂಪಾಗಿಡುವ ಕೂಲಂಟ್, ಆಯಿಲ್ ಮತ್ತು ಹೊರಗಿನ ಗಾಳಿ ಹೆಚ್ಚುಕಡಿಮೆ ಒಂದೇ ತಾಪದಲ್ಲಿರಬೇಕು. ಕೂಲಂಟ್ 24 ತೋರಿಸಿತು, ಹೈಡ್ರಾಲಿಕ್ ಆಯಿಲ್ 70 ತೋರಿಸಿತು! ಇಷ್ಟು ದಿನ ಎಲ್ಲರೂ ಬಜರ್ ಕೂಗುವ ಹೊತ್ತಿಗೇ ಮೀಟರ್ ಹಿಡಿದುಕೊಂಡು ಓಡಿದ್ದೆವೇ ಹೊರತು, ತಣ್ಣಗಿರುವಾಗ ನೋಡಿದವರು ಯಾರೂ ಇರಲಿಲ್ಲ. ಸೆನ್ಸರಿನ ಸಾಕೆಟ್ ಕಿತ್ತೆ. ಕಿತ್ತರೆ ಮಾನಿಟರ್ ತೀರಾ ಕೆಳಗಿನ ಅಂಕಿಗೆ ಬೀಳಬೇಕು ಅಥವಾ ವೈರ್ ಕಡಿದಿದೆ ಎನ್ನುವ ಓಪನ್ ಕೋಡ್ ತೋರಿಸಬೇಕು. ಇಲ್ಲಿ 64ಕ್ಕೆ ಇಳಿದು ನಿಂತಿತು. ಸೆನ್ಸರೇ ಇಲ್ಲದೆ 64 ಡಿಗ್ರಿ ಎಲ್ಲಿಂದ ಬರಬೇಕು?

ಬ್ಯಾಟರಿ ಬಿಚ್ಚಿ, ಸೀಟಿನ ಹಿಂದಿನ ಕಂಟ್ರೋಲರ್ ಪ್ಲಗ್ಗನ್ನೂ ತೆಗೆದು, ಸೆನ್ಸರಿನ ಸಿಗ್ನಲ್ ವೈರಿಗೂ ಚಾಸಿಗೂ (ಯಂತ್ರದ ಲೋಹದ ಮೈಗೂ) ಮಧ್ಯೆ ಅಳೆದಾಗ 11 ಕಿಲೋ ಓಮ್ ಬಂದಿತು, ಅದೂ ಒಂದೆಡೆ ನಿಲ್ಲದೆ ಓಲಾಡುತ್ತಿತ್ತು. ಎರಡೂ ತುದಿ ಬಿಚ್ಚಿದ ವೈರಿನಲ್ಲಿ ಮೀಟರ್ ಮುಳ್ಳಾಡಬಾರದು. ಈ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ: ತಣ್ಣಗಿರುವಾಗ ಸುಮಾರು 48 ಕಿಲೋ ಓಮ್, 80ರಲ್ಲಿ ಆರೂವರೆಯ ಮೇಲೆ ಸ್ವಲ್ಪ. ಅದರ ಪಕ್ಕದಲ್ಲಿ 11ರ ಲೀಕೇಜ್, ಅಂದರೆ ಕರೆಂಟ್ ಸೋರುವ ದಾರಿ, ಕುಳಿತರೆ ಒಟ್ಟು ರೆಸಿಸ್ಟೆನ್ಸ್ ಇಳಿದು ನಿಜವಾದ 78 ಡಿಗ್ರಿ 96 ಆಗಿ ಕಾಣುತ್ತದೆ, 24 ಎಪ್ಪತ್ತಾಗಿ ಕಾಣುತ್ತದೆ. ಕಂಟ್ರೋಲರ್ ಅಂತೂ ನಿರಪರಾಧಿ. ಅದರ ಪ್ಲಗ್ ನನ್ನ ಕೈಯಲ್ಲೇ ಇತ್ತು.

ಇಡೀ ಹಾರ್ನೆಸ್ (ಪೈಪಿನೊಳಗಿನ ವೈರುಗಳ ಕಟ್ಟು) ಬಿಚ್ಚುವುದು ಬೇಡವೆಂದು ಔಷಧಿ ಅಂಗಡಿಯ 10 ಎಂಎಲ್ ಸಿರಿಂಜ್ ತರಿಸಿದೆ. ಮೀಟರ್ ಕ್ಲಿಪ್ ಹಾಕಿಟ್ಟು, ಒಂದೊಂದು ಕ್ಲಾಂಪಿನ ಬಳಿ ಎರಡೆರಡು ಹನಿ ನೀರು ಬಿಡುತ್ತ ಹೋದೆ. ಸಾವುಕಾರರು ದೂರ ನಿಂತು, "ಏನ್ ಮಿಸ್ತ್ರಿ, ಹಿಟಾಚಿಗೆ ಇಂಜೆಕ್ಷನ್ನ?" ಎಂದು ನಕ್ಕರು. ಪಂಪಿನ ಹಿಂದಿನ ಮೂರನೆಯ ಕ್ಲಾಂಪಿನಲ್ಲಿ ಅಂಕಿ 11ರಿಂದ 7ಕ್ಕೆ ಕುಸಿಯಿತು. ಕ್ಲಾಂಪಿನ ರಬ್ಬರ್ ಸವೆದು ತಗಡು ನೇರವಾಗಿ ಹಾರ್ನೆಸ್ಸಿನ ಪೈಪನ್ನು ಕೊರೆದಿತ್ತು. ಒಳಗೆ ಕಲ್ಲಿನ ಪುಡಿ ನೀರು ಕುಡಿದು ಮೊಸರಿನಷ್ಟು ಮೆತ್ತಗಾಗಿತ್ತು. ಅದರ ನಡುವೆ ಹಸಿರುಗಟ್ಟಿದ ತಾಮ್ರ ಒಂದು ಅಕ್ಕಿಕಾಳಿನಷ್ಟು ಇಣುಕುತ್ತಿತ್ತು.

ಆ ಭಾಗದ ಒಂದು ಅಡಿ ವೈರ್ ಹೊಸದು ಹಾಕಿ, ಒಳಗೆ ಅಂಟು ಇರುವ, ಕಾಯಿಸಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ, ಹೊಸ ರಬ್ಬರ್ ಕ್ಲಾಂಪ್ ಕಟ್ಟಿದೆ. ಹಳೆಯ ಪೈಪ್ ಸೀಳದೆ ಒಳಗೆ ಹೊಸ ವೈರ್ ಎಳೆಯುವ ಉಪಾಯವೊಂದಿದೆ, ಜೋಡಣೆಯ ಮೇಲೆ ನಾನು ಹಚ್ಚುವ ಲೇಪವೂ ಒಂದಿದೆ; ಅವೆರಡೂ ನನ್ನ ಹೊಟ್ಟೆಪಾಡಿನ ವಿಷಯವಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ಡೂಪ್ಲಿಕೇಟ್ ಸೆನ್ಸರ್ ಹಾಕಿದ ಮೇಲೆ ತೊಂದರೆ ಏಕೆ ಹೆಚ್ಚಿತೆಂಬುದು ಮಾತ್ರ ತಲೆಯಲ್ಲಿ ಕೊರೆಯುತ್ತಿತ್ತು. ವರ್ಕ್‌ಶಾಪಿನ ಸ್ಟೌ ಮೇಲೆ ಹಳೆಯ ಬಾಣಲೆಯಲ್ಲಿ ಆಯಿಲ್ ಕಾಯಿಸಿ, ಥರ್ಮಾಮೀಟರ್ ಇಳಿಬಿಟ್ಟು, ಹಳೆಯ ಒರಿಜಿನಲ್ ಮತ್ತು ಡೂಪ್ಲಿಕೇಟ್ ಎರಡನ್ನೂ ಅದ್ದಿ ಅಳೆದೆ. 80ರಲ್ಲಿ ಒರಿಜಿನಲ್ 6.6 ಕಿಲೋ ಓಮಿನ ಆಸುಪಾಸು, ಡೂಪ್ಲಿಕೇಟ್ 5.4. ಅಷ್ಟಕ್ಕೇ ಮಾನಿಟರಿನಲ್ಲಿ ಆರೇಳು ಡಿಗ್ರಿ ಹೆಚ್ಚು ಕಾಣುತ್ತದೆ. ನಾವು ತೆಗೆದುಹಾಕಿದ ಹಳೆಯ ಸೆನ್ಸರ್ ಪೂರ್ತಿ ಸರಿಯಾಗಿತ್ತು. ಅದನ್ನು ನಾನೇ ಡಬ್ಬಿಗೆ ಎಸೆದಿದ್ದೆ. ಇನ್ನು ಕೆಲವರು ಬಜರ್ ಕೂಗದಂತೆ ಸೆನ್ಸರಿನ ವೈರಿನ ಮಧ್ಯೆ ಸಾಲಾಗಿ ಒಂದು ರೆಸಿಸ್ಟರ್ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಆಯಿಲ್ ತಣ್ಣಗಿದೆಯೆಂದು ಕಂಟ್ರೋಲರ್ ನಂಬಿ ಫ್ಯಾನನ್ನು ನಿಧಾನಗೊಳಿಸುತ್ತದೆ, ಒಳಗೆ ಪಂಪ್ ಬೇಯುತ್ತದೆ. ನಾನು ಆ ಕೆಲಸ ಮಾಡುವುದಿಲ್ಲ. ಈ ಯಂತ್ರದಲ್ಲಿ ಇದಕ್ಕೆ ತಿರುಗುಮುರುಗಾಗಿ, ಫ್ಯಾನ್ ಬೆಳಿಗ್ಗೆಯಿಂದಲೇ ಪೂರ್ಣ ವೇಗದಲ್ಲಿ ಅಬ್ಬರಿಸುತ್ತಿತ್ತು. ಆ ಸದ್ದನ್ನು ನಾವು ಮೊದಲೇ ಗಮನಿಸಬೇಕಿತ್ತು.

ಸಾಮಾನಿಗೆ 600 ರೂಪಾಯಿಯೂ ಆಗಲಿಲ್ಲ. ಕೂಲಿ 6 ಸಾವಿರ ಕೇಳಿದೆ. ಗೇಣುದ್ದ ವೈರಿಗೆ ಇಷ್ಟೊಂದೇ ಎಂದು ಸಾವುಕಾರರು ಹುಬ್ಬೇರಿಸಿ, 4 ಸಾವಿರ ಕೈಗಿಟ್ಟು, ಉಳಿದದ್ದು ಸೋಮವಾರ ನೋಡೋಣ ಎಂದರು. ಭಾನುವಾರ ನಾನೇ ಹೋಗಿ, ಆ ಕ್ಲಾಂಪಿಗೇ ಪ್ರೆಶರ್ ಗನ್ ಗುರಿಯಿಟ್ಟು ಹತ್ತು ನಿಮಿಷ ನೀರು ಹೊಡೆಸಿದೆ. ಸೋಮವಾರ ಬೆಳಿಗ್ಗೆ ಆಪರೇಟರ್ ಮಾನಿಟರಿನ ಫೋಟೊ ಕಳಿಸಿದ: ಕೂಲಂಟ್ 25, ಆಯಿಲ್ 26. ಮಧ್ಯಾಹ್ನದ ಫೋಟೊದಲ್ಲಿ 77 ಇತ್ತು. ಉಳಿದ 2 ಸಾವಿರ ಸಂಜೆ ಫೋನಿಗೆ ಬಂದಿತು.