ಇಲ್ಲದ ದನಿ ಕೇಳುವವರಿಗೆ, ಇಲ್ಲದ್ದು ಕಾಣುವವರಿಗೆ ನೆರವಾಗುವ ಬಗೆ

ಪಕ್ಕದ ಮನೆಯ ಬಾಡಿಗೆದಾರ, ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಜೊತೆಗೆ ಚೀಲ ಹೊರುವವನು, ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿ ಪಕ್ಕದ ಮಷೀನಿಗೆ ಕೂರುವ ಹೆಣ್ಣುಮಗಳು. ಇಂಥ ಪರಿಚಯದವರು ಯಾರೂ ಇಲ್ಲದ ಕಡೆ ತಿರುಗಿ ಉತ್ತರ ಕೊಡತೊಡಗಿದರೆ, ಗೋಡೆ ಮೇಲೆ ಹುಳ ಹರಿದಾಡುತ್ತಿವೆ ಎಂದು ಒರೆಸತೊಡಗಿದರೆ ನಮ್ಮ ಕಡೆ ಮೊದಲು ಬರುವ ಮಾತು ‘ಗಾಳಿ ಸೋಕೈತಿ’. ಎರಡನೆಯದು ‘ತಲಿ ಕೆಟ್ಟೈತಿ’. ಎರಡೂ ಬೇಡ. ಇದಕ್ಕೆ ಹತ್ತಾರು ಕಾರಣಗಳಿವೆ. ಕೆಲವು ಮನಸ್ಸಿನವು, ಕೆಲವು ಬರೀ ದೇಹದವು, ಮತ್ತು ದೇಹದ ಕಾರಣಗಳಲ್ಲಿ ಕೆಲವು ಒಂದೆರಡು ದಿನದಲ್ಲೇ ಜೀವ ತೆಗೆಯುತ್ತವೆ. ಆತನಿಗೆ ಏನು ಕಂಡಿತು ಎಂದು ಕೆದಕುವುದು ಆಮೇಲೆ ಇರಲಿ, ಮೊದಲು ಆತನ ಮೈ ನೋಡಿ.

ಮೊದಲು ಮೈ

ಕೇಳಿಕೊಂಡು ಹಣೆ ಮುಟ್ಟಿ ನೋಡಿ, ಜ್ವರ ಇದೆಯೇ? ಕೈ ನಡುಗುತ್ತಿವೆಯೇ, ಬೆವರು ಸುರಿಯುತ್ತಿದೆಯೇ? ಇತ್ತೀಚೆಗೆ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತೇ, ಫಿಟ್ಸ್ ಬಂದಿತ್ತೇ? ಬಳಿಕ ಹೆಸರು, ಊರು, ಇವತ್ತು ಯಾವ ವಾರ ಎಂದು ಕೇಳಿ. ಶನಿವಾರದಿಂದ ಶುರುಮಾಡಿ ಹಿಂದಕ್ಕೆ ವಾರಗಳನ್ನು ಹೇಳಿಸಿ. ನಡುವೆ ತಪ್ಪಿಹೋದರೆ, ಇಲ್ಲವೇ ಬೆಳಿಗ್ಗೆ ನೆಟ್ಟಗಿದ್ದವರಿಗೆ ದೀಪ ಹಚ್ಚುವ ಹೊತ್ತಿಗೆ ಗೊಂದಲ ಏರುತ್ತಿದ್ದರೆ ಅದು ಸನ್ನಿ (ದೇಹದ ತೊಂದರೆಯಿಂದ ಮಿದುಳು ಏಕಾಏಕಿ ಗೊಂದಲಕ್ಕೆ ಬೀಳುವುದು, ಡೆಲಿರಿಯಂ) ಇರಬಹುದು. ಸೋಂಕು, ಸೋಡಿಯಂ ಇಳಿತ, ಲಿವರ್ ತೊಂದರೆ, ಹಠಾತ್ತನೆ ಬಿಟ್ಟ ಕುಡಿತ, ಇವೆಲ್ಲ ಸನ್ನಿ ತರುತ್ತವೆ. ಮನೋವೈದ್ಯರು ಬರುವ ದಿನಕ್ಕೆ ಕಾಯದೆ 108ಕ್ಕೆ ಫೋನ್ ಮಾಡಿ ಎಮರ್ಜೆನ್ಸಿ ವಾರ್ಡಿಗೇ ಒಯ್ಯಿರಿ. ವಾರ, ಊರು, ಜನ ಎಲ್ಲ ಸರಿಯಾಗಿ ಹೇಳುತ್ತ, ಯಾರೋ ತನ್ನ ಬಗ್ಗೆ ಮಾತಾಡುವುದು ಕೇಳುತ್ತದೆ ಎನ್ನುವವರಲ್ಲಿ ಮನಸ್ಸಿನ ಕಾಯಿಲೆಯ ಸಾಧ್ಯತೆ ಹೆಚ್ಚು. ಹುಳ, ಇಲಿ, ಜನ ಕಣ್ಣಿಗೆ ಕಾಣುವುದೇ ಹೆಚ್ಚಾಗಿದ್ದರೆ ಅನುಮಾನ ಮೊದಲು ದೇಹದ ಕಡೆಗೆ, ಕುಡಿತದ ಕಡೆಗೆ ಹೋಗಬೇಕು.

ಕುಡಿತದ ಲೆಕ್ಕ ನಮ್ಮ ಜಿಲ್ಲೆಗಳಲ್ಲಿ ಬಹಳ ಮುಖ್ಯ. ದಿನವೂ ಕುಡಿಯುವವರು ಒಮ್ಮೆಲೇ ಬಿಟ್ಟರೆ 6ರಿಂದ 24 ತಾಸಿನೊಳಗೆ ಕೈ ನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತದೆ. 6ರಿಂದ 48 ತಾಸಿನ ನಡುವೆ ಫಿಟ್ಸ್ ಬರಬಹುದು. 48ರಿಂದ 96 ತಾಸಿನ ನಡುವೆ, ಅಂದರೆ ಮೂರನೇ ನಾಲ್ಕನೇ ದಿನ, ಜ್ವರ, ಜೋರು ಎದೆಬಡಿತದ ಜೊತೆ ಹುಳ ಹಾವು ಕಾಣುವ ಸನ್ನಿ ಬರಬಹುದು. ಚಿಕಿತ್ಸೆ ಸಿಗದಿದ್ದರೆ ಇದರಿಂದ ಸಾವು ಸಂಭವಿಸಬಹುದು. ಹನುಮಮಾಲೆ, ಅಯ್ಯಪ್ಪ ಮಾಲೆ ಹಾಕಿ ಬಿಟ್ಟವರು, ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿದವರು, ಕೈಯಲ್ಲಿ ದುಡ್ಡಿಲ್ಲದೆ ಬಿಟ್ಟವರು, ಎಲ್ಲರಿಗೂ ಇದೇ ಅಪಾಯ. ಮೂರನೇ ದಿನ ಆತ ಬಡಬಡಿಸಿದರೆ ವ್ರತ ಕೆಟ್ಟಿತು ಎಂದು ಪೂಜೆಗೆ ಕೂರಿಸುತ್ತಾರೆ, ಆ ಹೊತ್ತಿಗೆ ಆಸ್ಪತ್ರೆಗೆ ಹೋಗುವ ಸಮಯ ಮೀರುತ್ತದೆ. ಕೊನೆಯ ಗುಟುಕು ಯಾವಾಗ ಕುಡಿದದ್ದು, ದಿನಕ್ಕೆ ಎಷ್ಟು ಕ್ವಾರ್ಟರ್ ಎಂಬುದನ್ನು ಬೈಯದೆ ಕೇಳಿ ಬರೆದುಕೊಳ್ಳಿ. ಊರಿನ ಕ್ಲಿನಿಕ್ಕಿನಲ್ಲಿ ಬರೀ ಗ್ಲೂಕೋಸ್ ಬಾಟಲಿ ಏರಿಸಿ ಕಳಿಸುವುದು ಇಲ್ಲಿ ಆಗುವ ದೊಡ್ಡ ತಪ್ಪು. ಇಂಥವರಿಗೆ ಬಿ1 ವಿಟಮಿನ್ ಇಂಜೆಕ್ಷನ್ ಕೊಡದೆ ಗ್ಲೂಕೋಸ್ ಹಾಕಿದರೆ ಮಿದುಳಿಗೆ ಹಾನಿಯಾಗಬಹುದು.

ಸೇಂದಿಯ ವಿಷಯವೂ ಇದೇ. ರಾಯಚೂರು ಕಡೆ ಸಿಎಚ್ ಪುಡಿ (ಕ್ಲೋರಲ್ ಹೈಡ್ರೇಟ್ ಎಂಬ ಮಂಪರಿನ ರಾಸಾಯನಿಕ), ನಿದ್ದೆ ಗುಳಿಗೆ ಬೆರೆಸಿದ ಕಲಬೆರಕೆ ಸೇಂದಿ ಕುಡಿಯುತ್ತಿದ್ದವರಿಗೆ ಅದು ಸಿಗದಾದ ದಿನದಿಂದ ನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಳ್ಳುತ್ತದೆ. ಡಾಕ್ಟರಿಗೆ ‘ಕುಡೀತಾರ’ ಎಂದಷ್ಟೇ ಹೇಳದೆ ‘ಸೇಂದಿ ಕುಡೀತಿದ್ರು’ ಎಂದೇ ಹೇಳಿ. ಚಿಕಿತ್ಸೆ ಆ ಮಾತಿನ ಮೇಲೆ ನಿಂತಿದೆ.

ಸಕ್ಕರೆ ಕಾಯಿಲೆಯವರು ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಏನೇನೋ ಮಾತಾಡಬಹುದು. ಎಚ್ಚರವಿದ್ದು ನುಂಗಲು ಬರುವುದಾದರೆ ಮೂರು ನಾಲ್ಕು ಚಮಚೆ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಏಪ್ರಿಲ್ ಮೇ ಬಿಸಿಲಿನಲ್ಲಿ ದುಡಿದವರು ಮೈ ಕಾದು ಬಡಬಡಿಸಿದರೆ ನೆರಳಿಗೆ ತಂದು ಮೈಮೇಲೆ ನೀರು ಹಾಕುತ್ತ ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಿರಿ. ಕಣ್ಣ ಪಾಪೆ ದೊಡ್ಡದಾಗಿ, ಬಾಯಿ ಒಣಗಿ, ಮೈ ಕೆಂಪಾಗಿದ್ದರೆ ಉಮ್ಮತ್ತಿ ಕಾಯಿ ತಿಂದಿರಬಹುದು. ಹೊಲದಲ್ಲಿ ಬೆಳೆಗೆ ಎಣ್ಣೆ (ಹುಳದ ಔಷಧಿ) ಹೊಡೆದು ಬಂದವರಲ್ಲಿ ಪಾಪೆ ಸಣ್ಣದಾಗಿ ಜೊಲ್ಲು, ಬೆವರು ಸುರಿಯುತ್ತಿದ್ದರೆ ಕೀಟನಾಶಕದ ವಿಷ. ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಹೆರಿಗೆಯಾದ ಮೊದಲ ಎರಡು ವಾರದಲ್ಲಿ ಬಾಣಂತಿ ನಿದ್ದೆ ಬಿಟ್ಟು, ಕೂಸು ತನ್ನದಲ್ಲ ಅನ್ನುತ್ತ, ದನಿ ಕೇಳುತ್ತೈತಿ ಅಂದರೆ ಅದು ಬಾಣಂತಿ ಸನ್ನಿ. ಅಂದೇ ಆಸ್ಪತ್ರೆ. ಆಕೆಯನ್ನು ಕೂಸಿನ ಜೊತೆ ಒಂಟಿಯಾಗಿ ಬಿಡಬೇಡಿ. ಸರಿಯಾದ ಚಿಕಿತ್ಸೆಯಿಂದ ಬಹುತೇಕರು ಪೂರ್ತಿ ಗುಣವಾಗುತ್ತಾರೆ.

ಕಾಯಿಲೆ ಅಲ್ಲದವೂ ಇವೆ. ನಿದ್ದೆ ಹತ್ತುವ ಹೊತ್ತಿಗೆ ಯಾರೋ ಹೆಸರು ಹಿಡಿದು ಕರೆದಂತಾಗುವುದು, ತೀರಿಹೋದ ಗಂಡನ ದನಿ ಕೆಲ ತಿಂಗಳು ಕೇಳಿಸುವುದು ಸಾಮಾನ್ಯ. ಜಾತ್ರೆಯಲ್ಲಿ ಮೈಮೇಲೆ ದೇವರು ಬಂದು, ಆರತಿ ಮುಗಿದ ಮೇಲೆ ಎದ್ದು ಮನೆಗೆಲಸಕ್ಕೆ ಹೋಗುವವರನ್ನು ರೋಗಿ ಎನ್ನಬೇಕಿಲ್ಲ. ಕಣ್ಣಿಗೆ ಪೊರೆ ಬಂದ ಅಜ್ಜಿಗೆ ಸಣ್ಣ ಸಣ್ಣ ಜನ ಕಂಡು, ‘ಅದು ಖರೇ ಅಲ್ಲ ಅಂತ ಗೊತ್ತೈತಿ’ ಎಂದು ಅವರೇ ಹೇಳಿದರೆ ಮೊದಲು ಕಣ್ಣು ತೋರಿಸಿ.

ಮಾತಾಡುವ ರೀತಿ

ಟಿವಿ ಆರಿಸಿ, ನೆರೆದವರನ್ನು ಹೊರಗೆ ಕಳಿಸಿ. ಮಾತಾಡುವವರು ಒಬ್ಬರೇ ಇರಲಿ. ಎರಡು ತೋಳಿನಷ್ಟು ದೂರ, ಎದುರಿಗೆ ಕೂರದೆ ಒಂದು ಮಗ್ಗುಲಿಗೆ ಕೂತುಕೊಳ್ಳಿ. ಬಾಗಿಲು ಆತನಿಗೂ ನಿಮಗೂ ತೆರೆದಿರಲಿ. ದನಿ ಸುಳ್ಳು ಎಂದು ವಾದಿಸಿದರೆ ನೀವೂ ಆ ಶತ್ರುಗಳ ಕಡೆಯವರಾಗುತ್ತೀರಿ. ಹೌದೌದು ನನಗೂ ಕೇಳಿತು ಎಂದರೆ ಭಯಕ್ಕೆ ಸಾಕ್ಷಿ ಒದಗಿಸಿದಂತೆ. ನಡುವಿನ ಮಾತು ಇದು:

‘ಅಣ್ಣಾ, ನಿನಗ ದನಿ ಕೇಳಸಾಕತ್ತೈತಿ ಅಂತಿ. ನನಗ ಕೇಳಸವಲ್ದು. ಆದ್ರ ನಿನಗ ಭಾಳ ತ್ರಾಸ ಆಗಾಕತ್ತೈತಿ ಅನ್ನೋದು ಕಾಣತೈತಿ. ಕುಂದ್ರು, ನೀರು ಕುಡಿ.’

ಉತ್ತರಕ್ಕೆ ಅರ್ಧ ನಿಮಿಷವಾದರೂ ಕಾಯಿರಿ. ತಲೆಯೊಳಗೆ ಇನ್ನೊಂದು ಮಾತು ನಡೆದಿರುವಾಗ ನಿಮ್ಮ ಮಾತು ತಡವಾಗಿ ತಲುಪುತ್ತದೆ. ಆಮೇಲೆ ಕೇಳಲೇಬೇಕಾದ ಪ್ರಶ್ನೆ: ‘ಆ ದನಿ ಬರೇ ಬೈತೈತೋ, ಏನರ ಮಾಡು ಅಂತ ಹೇಳತೈತೋ? ಸಾಯಬೇಕು ಅನ್ನಿಸಾಕತ್ತೈತೇನು?’ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು, ಕೇಳುವುದರಿಂದ ಜೀವ ಉಳಿಯುತ್ತದೆ. ಹೌದು ಎಂದರೆ ಒಬ್ಬರನ್ನು ಅಲ್ಲೇ ಕೂರಿಸಿ, ಹೊಲದ ಔಷಧಿ ಡಬ್ಬಿ, ಕುಡಗೋಲು, ಹಗ್ಗ ಬೇರೆ ಮನೆಗೆ ಸಾಗಿಸಿ, 112ಕ್ಕೋ 108ಕ್ಕೋ ಫೋನ್ ಮಾಡಿ. ಎಣ್ಣೆ ಡಬ್ಬಿ ಮಂಚದ ಕೆಳಗಿಡುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ, ಅಲ್ಲಿಯೇ ಮೊದಲು ಹುಡುಕಿ. ಕೈಯಲ್ಲಿ ಆಯುಧವಿದ್ದರೆ ಹತ್ತಿರ ಹೋಗಬೇಡಿ. ಮೊಬೈಲಿನಲ್ಲಿ ವಿಡಿಯೊ ಮಾಡಿ ಗ್ರೂಪಿಗೆ ಹಾಕುವವರನ್ನು ತಡೆಯಿರಿ.

ಎಲ್ಲಿಗೆ, ಹೇಗೆ

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೂ ಮಾತಾಡಬಹುದು. ರೋಗಿಯೇ ಮಾಡಬೇಕೆಂದಿಲ್ಲ, ಪರಿಚಯದವರಾದ ನೀವು ಮಾಡಿ ಏನು ಮಾಡಲಿ ಎಂದು ಕೇಳಬಹುದು. ಬಳ್ಳಾರಿಯ ಬಿಎಂಸಿಆರ್‌ಸಿ (ಮೊದಲಿನ ವಿಮ್ಸ್), ರಾಯಚೂರಿನ ರಿಮ್ಸ್, ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ತೋರಿಸಬಹುದು, ತೀರಾ ಕಠಿಣವಾದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಬರುವ ಮಂಗಳವಾರದ ಮನೋಚೈತನ್ಯ ಶಿಬಿರದ ದಿನವನ್ನು ಆಶಾ ಕಾರ್ಯಕರ್ತೆಯಿಂದ ಖಚಿತಪಡಿಸಿಕೊಳ್ಳಿ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದೆಂದು ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ತೋರಿಸಿಕೊಟ್ಟದ್ದು ಬಳ್ಳಾರಿ ಜಿಲ್ಲೆಯಲ್ಲೇ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಶುರುವಾದದ್ದು ಅದನ್ನು ಮಾದರಿಯಾಗಿಟ್ಟು. ದೂರದ ಊರಿಗೆ ಹೋಗಲು ದುಡ್ಡಿಲ್ಲ ಎಂದು ಸುಮ್ಮನೆ ಕೂರುವ ಅಗತ್ಯವಿಲ್ಲ.

ಒಂದು ಹಾಳೆಯಲ್ಲಿ ಬರೆಯಿರಿ: ಯಾವಾಗಿನಿಂದ, ನಿದ್ದೆ ಎಷ್ಟು ತಾಸು, ಊಟ, ಕುಡಿತ, ಗಾಂಜಾ, ಸದ್ಯದ ಗುಳಿಗೆಗಳು, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ. ಗುಳಿಗೆ ಶೀಟುಗಳನ್ನೂ ಚೀಲಕ್ಕೆ ಹಾಕಿ. ‘ಹುಚ್ಚರ ಡಾಕ್ಟರ್’ ಎಂದರೆ ಯಾರೂ ಏಳುವುದಿಲ್ಲ. ‘ನಿದ್ದಿ ಇಲ್ಲಲ್ಲ, ಅದಕ್ಕ ತೋರಿಸೋಣು’ ಎಂದರೆ ಬರುತ್ತಾರೆ, ಅದು ಸುಳ್ಳೂ ಅಲ್ಲ. ಮನೆಯವರು ಹುಲಿಗೆಮ್ಮನಲ್ಲಿಗೆ ಹರಕೆ ಎಂದರೆ ಅಡ್ಡ ಬರಬೇಡಿ, ಆಸ್ಪತ್ರೆಯೂ ಆಗಲಿ ಎಂದು ಒಪ್ಪಿಸಿ. ಹೊಡೆಯುವುದು, ಖಾರದ ಹೊಗೆ ಹಾಕುವುದು ನಡೆದರೆ ಮಾತ್ರ ನಡುವೆ ಹೋಗಲೇಬೇಕು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ದಿಕ್ಕಿಲ್ಲದೆ ಅಲೆಯುವವರನ್ನು ರಕ್ಷಿಸಿ 24 ತಾಸಿನೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸುವುದು ಆ ಕಾಯ್ದೆಯ ಪ್ರಕಾರ ಪೊಲೀಸರ ಕೆಲಸ, ಲಾಕಪ್ಪಿಗೆ ಹಾಕುವಂತಿಲ್ಲ.

ಗುಳಿಗೆ ಶುರುವಾದ ಮೇಲೆ ನಿದ್ದೆ, ಸಿಟ್ಟು ಕೆಲ ದಿನದಲ್ಲಿ ಹದಕ್ಕೆ ಬರುತ್ತವೆ, ದನಿ ಅಡಗಲು ಎರಡರಿಂದ ಆರು ವಾರ ಬೇಕಾಗಬಹುದು. ಮೊದಲ ವಾರದಲ್ಲಿ ಕತ್ತು ಸೊಟ್ಟಗಾದರೆ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡರೆ, ಕೂತಲ್ಲಿ ಕೂರಲಾಗದೆ ಒದ್ದಾಡಿದರೆ ಗುಳಿಗೆ ತಾವೇ ನಿಲ್ಲಿಸದೆ ಅಂದೇ ಮರಳಿ ಹೋಗಿ, ಅದಕ್ಕೆ ಮದ್ದಿದೆ. ಜ್ವರ ಬಂದು ಮೈ ಕಟ್ಟಿಗೆಯಂತೆ ಬಿಗಿದರೆ ಮಾತ್ರ ಮುಂದಿನ ಗುಳಿಗೆ ಕೊಡದೆ ನೇರ ಎಮರ್ಜೆನ್ಸಿಗೆ ಒಯ್ಯಿರಿ. ಊಟದಲ್ಲಿ ಗುಟ್ಟಾಗಿ ಅರೆದು ಹಾಕಬೇಡಿ, ಗೊತ್ತಾದ ದಿನ ಊಟವನ್ನೂ ಬಿಡುತ್ತಾರೆ. ಮರೆಯುವವರಿಗೆ ಎರಡು ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ, ಕೇಳಿ. ಬೆಂಗಳೂರಿಗೆ, ಪುಣೆಗೆ ಗುಳೆ ಹೋಗುವ ಮುಂಚೆ ತಿಂಗಳ ಗುಳಿಗೆ ಮತ್ತು ಚೀಟಿಯ ಫೋಟೊ ಇಬ್ಬರ ಫೋನಿನಲ್ಲಿ ಇರುವಂತೆ ನೋಡಿಕೊಳ್ಳಿ. ಕಾಯಿಲೆ ಮರುಕಳಿಸುವುದು ಹೆಚ್ಚಾಗಿ ಗುಳಿಗೆ ತಪ್ಪಿದಾಗಲೇ.