ನರ್ಸಿಂಗ್ ಹೋಮ್ ವಿದ್ಯುತ್ ವ್ಯವಸ್ಥೆ: ಡಿಜಿ (ಡೀಸೆಲ್ ಜನರೇಟರ್) ಇದ್ದೂ ಐಸಿಯು ಆರುವುದೇಕೆ?

ಮೊದಲು ಟ್ರಾನ್ಸ್‌ಫಾರ್ಮರ್‌ನಿಂದ ಐಸಿಯು ಪ್ಲಗ್‌ವರೆಗೆ ಸಿಂಗಲ್ ಲೈನ್ ಡಯಾಗ್ರಾಂ (ವಿದ್ಯುತ್ ಹರಿಯುವ ದಾರಿಯನ್ನು ಒಂದೇ ಗೆರೆಯಲ್ಲಿ ತೋರಿಸುವ ನಕ್ಷೆ) ಬರೆದುಕೊಳ್ಳಿ. ಒಂದೊಂದು ಬ್ರೇಕರ್, ಕೇಬಲ್, ಬಸ್‌ಬಾರ್ (ಪ್ಯಾನೆಲ್ಲಿನೊಳಗೆ ವಿದ್ಯುತ್ ಹಂಚುವ ಲೋಹದ ಪಟ್ಟಿ) ಮೇಲೂ ಬೆರಳಿಟ್ಟು ನೋಡಿ: ಇದೊಂದು ಕೆಟ್ಟರೆ ಏನೇನು ಆರುತ್ತದೆ? ಮೇನ್ ಕೇಬಲ್, ಡಿಜಿ ಕೇಬಲ್ ಎರಡೂ ಒಂದೇ ಟ್ರೆಂಚಿನಲ್ಲಿದ್ದರೆ ಜೆಸಿಬಿಯ ಒಂದೇ ಏಟಿಗೆ ಎರಡೂ ಹೋಗುತ್ತವೆ. ಆಮೇಲೆ ಇನ್ನೊಂದು ಡಿಜಿ ತಂದಿಟ್ಟರೂ ಪ್ರಯೋಜನವಿಲ್ಲ.

ಲೋಡ್ ಮೂರು ಪಾಲು ಮಾಡಿ. ವೆಂಟಿಲೇಟರ್, ಮಾನಿಟರ್, ಆಪರೇಷನ್ ಲೈಟ್ ಯುಪಿಎಸ್‌ಗೆ. ಲಿಫ್ಟ್, ಲಸಿಕೆ ಫ್ರಿಜ್, ಥಿಯೇಟರ್ ಎಸಿ 15 ಸೆಕೆಂಡಿನೊಳಗೆ ಡಿಜಿಗೆ. ಗೀಸರ್, ವಾರ್ಡ್ ಎಸಿ ಕಾಯಲಿ.

ಹೆಚ್ಚು ಕಾಟ ಕೊಡುವುದು ಬ್ರೇಕರ್‌ಗಳ ಹೊಂದಾಣಿಕೆ, ಅಂದರೆ ದೋಷಕ್ಕೆ ಹತ್ತಿರದ ಬ್ರೇಕರ್ ಮಾತ್ರ ಆಫ್ ಆಗುವಂತೆ ನೋಡಿಕೊಳ್ಳುವುದು. ನರ್ಸ್ ಸ್ಟೇಷನ್ನಿನ ಕೆಟಲ್ ಶಾರ್ಟ್ ಆಯಿತೆನ್ನಿ. ಕೆಳಗೆ (ಕೆಟಲ್ ಕಡೆ) 16 ಆಂಪಿಯರ್, ಮೇಲೆ (ಸಪ್ಲೈ ಕಡೆ) 32 ಆಂಪಿಯರ್, ಎರಡೂ ಸಿ ಕರ್ವ್ ಮಾದರಿಯ ಎಂಸಿಬಿ (ಚಿಕ್ಕ ಬ್ರೇಕರ್). ಸಿ ಕರ್ವ್ ತನ್ನ ರೇಟಿಂಗ್‌ನ 5ರಿಂದ 10 ಪಟ್ಟಿಗೆ ತಕ್ಷಣ ಬೀಳುತ್ತದೆ (ಟ್ರಿಪ್ ಆಗುತ್ತದೆ). ಅಂದರೆ 32ರದ್ದು 320 ಆಂಪಿಯರ್‌ಗೆ ಬಿದ್ದೇ ಬೀಳುತ್ತದೆ. ಶಾರ್ಟ್ ಕರೆಂಟ್ 1000 ಆಂಪಿಯರ್ ಇದ್ದರೆ ಎರಡೂ ಒಟ್ಟಿಗೆ ಬಿದ್ದು, ಆ 32ರ ಕೆಳಗಿರುವ ಹಾಸಿಗೆಗಳೆಲ್ಲ ಕತ್ತಲೆ. ರೇಟಿಂಗ್ ದುಪ್ಪಟ್ಟಿದ್ದರೆ ಸಾಕು ಎಂಬ ನಂಬಿಕೆ ಓವರ್‌ಲೋಡ್‌ಗೆ ಸರಿ, ಶಾರ್ಟ್‌ಗೆ ಅಲ್ಲ. ತಯಾರಕರ ಸೆಲೆಕ್ಟಿವಿಟಿ ಟೇಬಲ್ (ಯಾವ ಬ್ರೇಕರ್ ಮೇಲೆ ಯಾವುದು ಹೊಂದುತ್ತದೆ ಎಂಬ ಪಟ್ಟಿ) ನೋಡಿ ಮೇಲೆ ಎಚ್‌ಆರ್‌ಸಿ ಫ್ಯೂಸ್ (ದೊಡ್ಡ ಶಾರ್ಟ್ ಕರೆಂಟನ್ನೂ ಕತ್ತರಿಸಬಲ್ಲ ಫ್ಯೂಸ್) ಅಥವಾ ಶಾರ್ಟ್ ಟೈಮ್ ಡಿಲೇ (ಕ್ಷಣಕಾಲ ತಡೆದು ಬೀಳುವ ವ್ಯವಸ್ಥೆ) ಇರುವ ಎಂಸಿಸಿಬಿ (ದೊಡ್ಡ ಬ್ರೇಕರ್) ಹಾಕಿ. ಕೆಟಲ್ ಪ್ಲಗ್ಗಂತೂ ಐಸಿಯು ಬೋರ್ಡಿನಲ್ಲಿ ಇರಲೇಬಾರದು.

ಯುಪಿಎಸ್‌ನ ರೆಕ್ಟಿಫೈಯರ್‌ಗೂ (ಎಸಿಯನ್ನು ಡಿಸಿ ಮಾಡುವ ಭಾಗ) ಬೈಪಾಸ್‌ಗೂ (ಯುಪಿಎಸ್ ಕೆಟ್ಟಾಗ ನೇರ ಸಪ್ಲೈ ಕೊಡುವ ದಾರಿ) ಬೇರೆ ಬೇರೆ ಬ್ರೇಕರ್ ಕೊಡಿ. ರಿಪೇರಿಗೆಂದು ಹೊರಗಡೆ ಮ್ಯಾನ್ಯುಯಲ್ ಬೈಪಾಸ್ ಸ್ವಿಚ್ಚೂ ಇರಲಿ. 6 ಕಿಲೋವ್ಯಾಟ್ ಲೋಡ್, 12 ವೋಲ್ಟಿನ 20 ಬ್ಯಾಟರಿ ಎಂದುಕೊಳ್ಳಿ: ದಕ್ಷತೆ ಶೇ. 92 ಇದ್ದರೆ ಸುಮಾರು 27 ಆಂಪಿಯರ್ ಎಳೆಯುತ್ತದೆ. 20 ನಿಮಿಷಕ್ಕೆ 9 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯ) ಸಾಕೆಂದು ಲೆಕ್ಕ ತೋರಿಸುತ್ತದೆ, ಆದರೆ ಇಷ್ಟು ಜೋರಾಗಿ ಎಳೆದರೆ ಬ್ಯಾಟರಿ ಅಷ್ಟು ಕೊಡುವುದಿಲ್ಲ. ತಯಾರಕರ ಡಿಸ್ಚಾರ್ಜ್ ಟೇಬಲ್ (ಎಷ್ಟು ಹೊತ್ತು ಎಷ್ಟು ಕೊಡುತ್ತದೆ ಎಂಬ ಪಟ್ಟಿ) ನೋಡಿ, ಹಳತಾಗುವುದಕ್ಕೆ ಶೇ. 25 ಸೇರಿಸಿ, 26 ಎಎಚ್ ಹತ್ತಿರ ಬರುತ್ತೀರಿ.

ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಅನ್ನು ಫೇಸ್ ತಂತಿಯಷ್ಟೇ ದಪ್ಪ ಇಡಿ. ಅದು ಲೂಸಾದರೆ ಲೋಡ್ ಕಡಿಮೆಯಿರುವ ಫೇಸ್‌ನಲ್ಲಿ 230 ವೋಲ್ಟ್ 300 ದಾಟಿ ಉಪಕರಣ ಸುಡಬಹುದು. ಲಗ್‌ಗಳನ್ನು (ಕೇಬಲ್ ತುದಿಯ ಲೋಹದ ಕೊಂಡಿ) ಟಾರ್ಕ್ ರೆಂಚಿನಿಂದಲೇ (ನಿಗದಿತ ಬಲಕ್ಕೆ ಬಿಗಿಯುವ ಪಾನಾ) ಬಿಗಿಯಿರಿ.

ಡಿಜಿ ಸ್ಟಾರ್ಟ್ ಆಗದಿದ್ದರೆ ಮೊದಲು ಸ್ಟಾರ್ಟರ್ ಬ್ಯಾಟರಿ, ಟರ್ಮಿನಲ್, ಚಾರ್ಜರ್ ನೋಡಿ. ತಿಂಗಳಿಗೊಮ್ಮೆ, ಆಪರೇಷನ್ ಇಲ್ಲದ ಹೊತ್ತಿನಲ್ಲಿ, ವೈದ್ಯರಿಗೆ ತಿಳಿಸಿ ಮೇನ್ ಬ್ರೇಕರ್ ಆಫ್ ಮಾಡಿ. ಕನಿಷ್ಠ ಶೇ. 30 ಲೋಡಿನಲ್ಲಿ ಅರ್ಧ ಗಂಟೆ ಓಡಿಸಿ. ಖಾಲಿ ಓಡಿಸುತ್ತಲೇ ಇದ್ದರೆ ಸುಡದ ಡೀಸೆಲ್ ಎಕ್ಸಾಸ್ಟ್‌ನಲ್ಲಿ ಜಿಡ್ಡುಗಟ್ಟುತ್ತದೆ. ಕರೆಂಟ್ ಹೋಗಿ ಡಿಜಿ ಲೋಡ್ ಹಿಡಿಯಲು ಹಿಡಿದ ಸೆಕೆಂಡುಗಳನ್ನು ಲಾಗ್ ಬುಕ್ಕಿನಲ್ಲಿ ಬರೆದಿಡಿ. 9 ಇದ್ದದ್ದು 13 ಆಗಿದ್ದರೆ ಬ್ಯಾಟರಿಯನ್ನು ಆಗಲೇ ಪರೀಕ್ಷಿಸಿ.